ಮಂಜಿನಲ್ಲಿ ಈಜುವ ಮೀನು

ನಿನ್ನೆ ರಾತ್ರಿ ‘ಡಾಕ್ಟರ್ ಹೂ’ ಸರಣಿಯ 2010ರ ಕ್ರಿಸ್‌ಮಸ್ ಕಂತನ್ನು ಮತ್ತೆ ನೋಡಿದೆ. 1963ರಲ್ಲಿ ಬಿಬಿಸಿಯಲ್ಲಿ ಶುರುವಾದ ಸರಣಿ ಇದು. ಆದರೂ ನನಗೆ ಈ ಒಂದು ಕಂತಿನ ಮೇಲೆ ಪ್ರೀತಿ ಜಾಸ್ತಿ.

ಮಂಜಿನಲ್ಲಿ ಮೀನು ಈಜುವ ಊರು. ಕಾಲದಲ್ಲಿ ಹಿಂದೆ ಮುಂದೆ ಓಡಾಡಬಲ್ಲ ಕಥಾನಾಯಕ ‘ಡಾಕ್ಟರ್’ ಚಿಮಣಿಯಿಂದ ಜಾರಿ ಬೀಳುತ್ತಾನೆ. ಆಮೇಲೆ ಶಾರ್ಕ್ ಒಂದು ಗಾಡಿ ಎಳೆದುಕೊಂಡು ಆಕಾಶದಲ್ಲಿ ಹಾರುತ್ತದೆ! ಮಕ್ಕಳ ಹಾಗೆ ನಗು ಬರುತ್ತದೆ.

ಆಕಾಶದಲ್ಲಿ ಸಿಕ್ಕಿಕೊಂಡ ಹಡಗಿನಲ್ಲಿ 4003 ಜನ. ಅವರನ್ನು ಉಳಿಸಬಲ್ಲವನು ಕಜ್ರಾನ್ ಎಂಬ ಜಿಪುಣ ಮುದುಕ, ಅವನಿಗೆ ಮನಸ್ಸಿಲ್ಲ. ಆ ಪಾತ್ರವನ್ನು ನಟ ಮೈಕೆಲ್ ಗ್ಯಾಂಬನ್ ಎಷ್ಟು ಚೆನ್ನಾಗಿ ಮಾಡಿದ್ದಾರೆ ಅಂದರೆ, ಅವನ ಮೇಲೆ ಸಿಟ್ಟೂ ಬರುತ್ತದೆ, ಅಯ್ಯೋ ಪಾಪ ಅಂತಲೂ ಅನಿಸುತ್ತದೆ. ಒಬ್ಬ ಹುಡುಗ ಅವನತ್ತ ಇದ್ದಿಲು ಎಸೆಯುತ್ತಾನೆ. ಹೊಡೆಯಲು ಎತ್ತಿದ ಮುದುಕನ ಕೈ ಹಾಗೇ ನಿಲ್ಲುತ್ತದೆ. ಅಪ್ಪನ ದೊಡ್ಡ ಚಿತ್ರ ಕಣ್ಣಿಗೆ ಬೀಳದ ಹಾಗೆ ಕುರ್ಚಿಗಳನ್ನು ತಿರುಗಿಸಿಟ್ಟಿದ್ದಾನೆ ಅನ್ನುವುದು ಡಾಕ್ಟರ್ ಕಣ್ಣಿಗೆ ಬೀಳುತ್ತದೆ. ಅಪ್ಪನ ಪೆಟ್ಟು ತಿಂದು ಬೆಳೆದವನು, ಅಲ್ವಾ?

ಆಮೇಲೆ ಡಾಕ್ಟರ್ ಅವನ ಬಾಲ್ಯಕ್ಕೇ ಹೋಗುತ್ತಾನೆ. ಮುದುಕ ಗೋಡೆಯ ಮೇಲೆ ತನ್ನ ಹಳೇ ವಿಡಿಯೊ ನೋಡುತ್ತಿದ್ದಾನೆ, ಅದರೊಳಗೆ ಕಿಟಕಿ ತೆಗೆದುಕೊಂಡು ಡಾಕ್ಟರ್ ಬರುತ್ತಾನೆ. ಇಲ್ಲಿ ಕೂತವನ ತಲೆಯಲ್ಲಿ ಹೊಸ ನೆನಪು ಹುಟ್ಟುತ್ತದೆ. ಆ ಕ್ಷಣ ಅವನ ಮುಖ ನೋಡಬೇಕು. ನಾನು ಅಷ್ಟನ್ನೇ ಮೂರು ಸಲ ಹಿಂದೆ ಓಡಿಸಿ ನೋಡಿದೆ.