ಒಂದೇ ಮನೆಯಲ್ಲಿ ಮೂವರು ಪೀಟರ್: ಮೆನೊನೈಟ್ ವಂಶಾವಳಿಯ ಕೆಲಸ ಕಲಿಸಿದ್ದು

ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದಲ್ಲಿ ಮೆನೊನೈಟ್ (ಸೈನಿಕ ಸೇವೆಯನ್ನು ಒಪ್ಪದ ಒಂದು ಪ್ರೊಟೆಸ್ಟಂಟ್ ಕ್ರೈಸ್ತ ಪಂಗಡ) ಕುಟುಂಬಗಳ ಹಳೆಯ ಕಾಗದಪತ್ರಗಳನ್ನು ಓದಿ, ಪಟ್ಟಿ ಮಾಡಿ, ಕಾಪಿಡುವುದು ನನ್ನ ಉದ್ಯೋಗ. ದಾಖಲೆಯಲ್ಲಿ ಇರುವುದನ್ನು ತಿದ್ದದೆ ಇದ್ದಂತೆಯೇ ಇಳಿಸಿಕೊಳ್ಳಬೇಕು, ನಮ್ಮ ಊಹೆ ಮತ್ತು ಲೆಕ್ಕಾಚಾರಗಳನ್ನು ಬೇರೆಯಾಗಿ ಬರೆದಿಡಬೇಕು ಎಂಬುದು ಈ ಕೆಲಸದಿಂದ ನಾನು ಕಲಿತ ಮುಖ್ಯ ಪಾಠ.

ಈ ಜನರ ವಲಸೆಯ ದಾರಿ ಬಹಳ ಉದ್ದ. ನೆದರ್‌ಲ್ಯಾಂಡ್ಸ್ ಕಡೆಯಿಂದ ಇಂದಿನ ಪೋಲೆಂಡಿನಲ್ಲಿರುವ ವಿಸ್ಟುಲಾ ನದಿಯ ಮುಖಜಭೂಮಿಗೆ ಬಂದು ನೆಲೆಸಿದವರ ಸಂತತಿ, 1789ರಲ್ಲಿ ಇಂದಿನ ಉಕ್ರೇನಿನ ಖೋರ್ಟಿತ್ಸಾದಲ್ಲಿಯೂ 1804ರಲ್ಲಿ ಮೊಲೋಚ್ನಾದಲ್ಲಿಯೂ ವಸಾಹತುಗಳನ್ನು ಕಟ್ಟಿತು. ಸೈನಿಕ ಸೇವೆಯಿಂದ ತಮಗಿದ್ದ ವಿನಾಯಿತಿ ಕೈತಪ್ಪುವುದನ್ನು ಕಂಡ ಸಾವಿರಾರು ಮಂದಿ 1874ರಿಂದ ಮ್ಯಾನಿಟೋಬಾ, ಕಾನ್ಸಾಸ್, ನೆಬ್ರಾಸ್ಕಾಗಳಿಗೆ ಹೊರಟರು. ಕ್ರಾಂತಿ ಮತ್ತು ಬರಗಾಲಗಳನ್ನು ಕಂಡ ಇನ್ನೊಂದು ತಲೆಮಾರು 1923ರಿಂದ ಕೆನಡಾ ಸೇರಿತು. ಹೀಗಾಗಿ ಒಂದೇ ಕುಟುಂಬದ ಕಾಗದಗಳಲ್ಲಿ ಹಲವು ರಾಜ್ಯಗಳ ಮುದ್ರೆಗಳೂ ಎರಡು ಪಂಚಾಂಗಗಳೂ ಬೆರೆತಿರುತ್ತವೆ. ಮನೆಯಲ್ಲಿ ಪ್ಲಾಟ್‌ಡೀಚ್ ಎಂಬ ಕೆಳ ಜರ್ಮನ್ ಆಡುಭಾಷೆಯನ್ನು ಆಡುತ್ತಿದ್ದರೂ ಬರವಣಿಗೆ ಶಿಷ್ಟ ಜರ್ಮನ್ನಿನಲ್ಲಿ, ಅದೂ ಕುರೆಂಟ್ ಎಂಬ ಹಳೆಯ ಕೈಬರಹದಲ್ಲಿ ನಡೆಯುತ್ತಿತ್ತು.

ಹೆಸರುಗಳ ವಿಷಯದಲ್ಲಿ ಬಹಳ ಎಚ್ಚರ ಬೇಕು. ಫ್ರೀಸೆನ್, ಪೆನ್ನರ್, ವೀಬೆ, ಕ್ಲಾಸೆನ್ ಮುಂತಾದ ಕೆಲವೇ ಮನೆತನದ ಹೆಸರುಗಳು, ಪೀಟರ್, ಯೋಹಾನ್, ಕಥರೀನಾ, ಮರಿಯಾ ಮುಂತಾದ ಕೆಲವೇ ವ್ಯಕ್ತಿನಾಮಗಳು ಮತ್ತೆ ಮತ್ತೆ ಬರುತ್ತವೆ. ತೀರಿಕೊಂಡ ಶಿಶುವಿನ ಹೆಸರನ್ನೇ ಮುಂದಿನ ಮಗುವಿಗೆ ಇಡುವುದು ಸಾಮಾನ್ಯವಾಗಿತ್ತು. ನಾನು ನೋಡಿದ ಒಂದು ಕುಟುಂಬದ ಪುಟದಲ್ಲಿ ಪೀಟರ್ ಎಂಬ ಹೆಸರು ಮೂರು ಬಾರಿ ಇತ್ತು, ಮೊದಲ ಎರಡರ ಮುಂದೆ ಸಣ್ಣ ಶಿಲುಬೆಯ ಗುರುತಿತ್ತು. ಇವನ್ನು ಒಬ್ಬನೆಂದು ಸೇರಿಸಿಬಿಟ್ಟರೆ ಬಾಳದೆ ಹೋದ ಎರಡು ಮಕ್ಕಳು ವಂಶಾವಳಿಯಿಂದಲೇ ಅಳಿಸಿಹೋಗುತ್ತವೆ. ಅದು ನನಗೆ ಬರೀ ಲೆಕ್ಕದ ತಪ್ಪಾಗಿ ಕಾಣುವುದಿಲ್ಲ. ಇನ್ನೊಂದು ವಿಷಯವೆಂದರೆ, ಮೆನೊನೈಟರಲ್ಲಿ ದೀಕ್ಷಾಸ್ನಾನ ಶಿಶುಗಳಿಗಲ್ಲ, ನಂಬಿಕೆಯನ್ನು ತಾವೇ ಒಪ್ಪಿ ಹೇಳಬಲ್ಲ ವಯಸ್ಸಿನವರಿಗೆ. ಆದ್ದರಿಂದ ಬೇರೆ ಚರ್ಚುಗಳ ಪುಸ್ತಕ ಓದಿ ಪಳಗಿದವರು ಆ ತಾರೀಖನ್ನು ಹುಟ್ಟಿನ ಸಮೀಪದ ದಿನವೆಂದು ಹಿಡಿದರೆ ಸುಮಾರು ಇಪ್ಪತ್ತು ವರ್ಷ ತಪ್ಪುತ್ತಾರೆ.

ರಷ್ಯದಲ್ಲಿ 1918ರವರೆಗೆ ಜೂಲಿಯನ್ ಪಂಚಾಂಗ ಬಳಕೆಯಲ್ಲಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ನಾವು ಈಗ ಬಳಸುವ ಗ್ರೆಗೋರಿಯನ್ ಪಂಚಾಂಗಕ್ಕಿಂತ 12 ದಿನ, ಆನಂತರ 13 ದಿನ ಹಿಂದಿತ್ತು. ಒಬ್ಬರು ಹುಟ್ಟಿದ ದಿನ ಚರ್ಚಿನ ಪುಸ್ತಕದಲ್ಲಿ 1850ರ ಜನವರಿ 5 ಎಂದೂ ಕೆನಡಾದ ಮನೆಯ ಬೈಬಲ್ಲಿನಲ್ಲಿ ಜನವರಿ 17 ಎಂದೂ ಇದ್ದರೆ ಎರಡೂ ಸರಿಯೇ ಇರಬಹುದು. ನಾನು ಎರಡನ್ನೂ, ಯಾವುದು ಎಲ್ಲಿಂದ ಬಂತು ಎಂಬುದರೊಡನೆ ಬರೆಯುತ್ತೇನೆ. ಪರಿವರ್ತಿಸಿದ ತಾರೀಖಿಗೆ ಪ್ರತ್ಯೇಕ ಅಂಕಣವಿದೆ.

ಕಾಗದಗಳ ಆರೈಕೆ ಸರಳವಾದದ್ದು: ತುಕ್ಕು ಹಿಡಿದ ಗುಂಡುಸೂಜಿಗಳನ್ನು ಮೆಲ್ಲಗೆ ಬಿಡಿಸಬೇಕು, ಹರಿದ ಅಂಚಿಗೆ ಅಂಟುಪಟ್ಟಿ ಹಚ್ಚಲೇಬಾರದು, ಆಮ್ಲರಹಿತ ಕಾಗದದ ಮಡಿಕೆಯಲ್ಲಿಟ್ಟು ಪೆನ್ಸಿಲ್ಲಿನಿಂದ ಮಾತ್ರ ಸಂಖ್ಯೆ ಬರೆಯಬೇಕು. ಕುಟುಂಬದವರು ಕಟ್ಟಿಟ್ಟ ಕ್ರಮವನ್ನೂ ನಾನು ಕದಲಿಸುವುದಿಲ್ಲ, ಏಕೆಂದರೆ ಯಾವ ಪತ್ರದ ಜೊತೆ ಯಾವ ಛಾಯಾಚಿತ್ರವಿತ್ತು ಎಂಬುದೇ ಎಷ್ಟೋ ಸಲ ಚಿತ್ರದಲ್ಲಿರುವವರ ಗುರುತು ಹೇಳುತ್ತದೆ. ಸೋವಿಯತ್ ಒಕ್ಕೂಟದಲ್ಲೇ ಉಳಿದ ನೆಂಟರಿಂದ ಬಂದ ಪತ್ರಗಳ ಖಾಲಿ ಲಕೋಟೆಗಳನ್ನು ಎಸೆಯಲು ಹೊರಟವರನ್ನು ನಾನು ತಡೆದಿದ್ದೇನೆ. ಒಳಗಿನ ಪತ್ರದಲ್ಲಿ ಊರಿನ ಹೆಸರು ಇಲ್ಲದಿದ್ದಾಗ, ಅವರು ಆಗ ಎಲ್ಲಿದ್ದರೆಂದು ತಿಳಿಯಲು ಅಂಚೆ ಮುದ್ರೆಯೊಂದೇ ಆಧಾರ.