ಶಿಫ್ಟ್ ಪಟ್ಟಿ ಪ್ರಾಜೆಕ್ಟ್: ಕೊನೆಗೂ ಡಿಸೈನ್ ಕೈಗೆ ಸಿಕ್ಕಿತು

ಪ್ರಶ್ನೆ ಹಳೆಯದೇ. ಶಿಫ್ಟ್ ಪಟ್ಟಿಯನ್ನು ಹಿಂದಿನ ದಿನ ಕೊಡುವ ಬದಲು ಎರಡು ವಾರ ಮೊದಲೇ ಕೊಟ್ಟರೆ, ಕೆಲಸಗಾರರು ಕೆಲಸ ಬಿಡುವುದು ಕಮ್ಮಿ ಆಗುತ್ತದೆಯೇ? ಹಲವು ಶಾಖೆಗಳಿರುವ ಒಂದು ಮಳಿಗೆ ಸಂಸ್ಥೆ ಡೇಟಾ ಕೊಡಲು ಒಪ್ಪಿದೆ. ಅನುಮತಿ ಪತ್ರ, ಹಿಂದಿನ ಪೇಪರ್‌ಗಳ ಓದು, ಹೆಸರು ತೆಗೆದು ಕೋಡ್ ಹಾಕುವುದು ಎಲ್ಲ ಮುಗಿದಿದೆ. ಅದು ನಿಮಗೆಲ್ಲ ಗೊತ್ತಿರುವ ಕೆಲಸ, ಬಿಟ್ಟುಬಿಡೋಣ. ಇವತ್ತು ನಿದ್ದೆ ಕೆಡಿಸಿದ ಒಂದೇ ಒಂದು ತೊಡಕಿನ ಕಥೆ.

ಕೆಲವು ಶಾಖೆಗಳು ಯಾರೂ ಹೇಳದೆಯೇ ಈ ಪದ್ಧತಿ ಶುರು ಮಾಡಿಕೊಂಡಿದ್ದವು. ಅಂದಮೇಲೆ ಹಳೆಯ ಡೇಟಾದಲ್ಲೇ ಉತ್ತರ ಇರಬೇಕಲ್ವಾ? ಇತ್ತು. ಒಂದಲ್ಲ, ಎರಡು! ಯಾವುದೋ ಒಂದು ತಿಂಗಳನ್ನು ಹಿಡಿದು ಪದ್ಧತಿ ಇರುವ ಶಾಖೆಗಳನ್ನೂ ಇಲ್ಲದವನ್ನೂ ಅಕ್ಕಪಕ್ಕ ಇಟ್ಟರೆ, ಇರುವ ಕಡೆಯೇ ಜಾಸ್ತಿ ಜನ ಕೆಲಸ ಬಿಡುತ್ತಿದ್ದಾರೆ. ಅದೇ ಶಾಖೆಗಳ ಮೊದಲಿನ ಮತ್ತು ಆಮೇಲಿನ ಲೆಕ್ಕ ನೋಡಿದರೆ, ಬಿಡುವವರು ಚೆನ್ನಾಗಿಯೇ ಕಮ್ಮಿ ಆಗಿದ್ದಾರೆ. ಅದೇ ಫೈಲು, ಅದೇ ಜನ. ಒಂದು ಡಿಸೈನ್, ಅಂದರೆ ಹೋಲಿಸುವ ಒಂದು ರೀತಿ, ಈ ಪದ್ಧತಿಯನ್ನು ಬೈಯುತ್ತದೆ, ಇನ್ನೊಂದು ಹೊಗಳುತ್ತದೆ.

ಶಾಖೆಗೊಂದು ಗ್ರಾಫ್ ಹಾಕಿ, ಪದ್ಧತಿ ಶುರುವಾದ ತಿಂಗಳಿಗೆ ಕೆಂಪು ಗೆರೆ ಎಳೆದು ಎಲ್ಲವನ್ನೂ ಸಾಲಾಗಿ ಇಟ್ಟು ನೋಡಿದಾಗ ಗುಟ್ಟು ಗೊತ್ತಾಯಿತು. ಹೆಚ್ಚಿನ ಶಾಖೆಗಳಲ್ಲಿ ಗೆರೆಗೆ ಸ್ವಲ್ಪ ಮುಂಚೆ ಒಂದು ಏರು ಇದೆ. ಜನ ಸಾಲುಸಾಲಾಗಿ ಬಿಟ್ಟುಹೋಗಿ ಮ್ಯಾನೇಜರ್‌ಗೆ ತಲೆಬಿಸಿ ಆದಾಗಲೇ ಹೊಸ ಪಟ್ಟಿ ಬಂದಿದೆ. ಅಕ್ಕಪಕ್ಕ ಇಟ್ಟಾಗ ಆ ಶಾಖೆಗಳು ಕೆಟ್ಟದಾಗಿ ಕಂಡದ್ದು ಅದಕ್ಕೇ. ತೀರಾ ಕೆಟ್ಟ ತಿಂಗಳಾದ ಮೇಲೆ ಯಾರೂ ಏನೂ ಮಾಡದಿದ್ದರೂ ಅಂಕಿ ಇಳಿಯುತ್ತದೆ. ಹೀಗೆ ಸರಾಸರಿಯ ಕಡೆಗೆ ಮರಳುವುದನ್ನು ಫ್ರಾನ್ಸಿಸ್ ಗಾಲ್ಟನ್ 1886ರಲ್ಲೇ ತಂದೆತಾಯಿ ಮತ್ತು ಮಕ್ಕಳ ಎತ್ತರದಲ್ಲಿ ತೋರಿಸಿದ್ದರು. 1978ರಲ್ಲಿ ಅರ್ಥಶಾಸ್ತ್ರಜ್ಞ ಆರ್ಲಿ ಆಶೆನ್‌ಫೆಲ್ಟರ್ ಅಮೆರಿಕದ ಉದ್ಯೋಗ ತರಬೇತಿಯಲ್ಲಿ ಇಂಥದ್ದನ್ನೇ ಕಂಡರು. ತರಬೇತಿಗೆ ಸೇರಿದವರ ಸಂಪಾದನೆ ಸೇರುವ ಮುಂಚೆಯೇ ಬಿದ್ದಿರುತ್ತಿತ್ತು. ಆ ತಗ್ಗಿಗೆ ಈಗ ಅವರದೇ ಹೆಸರಿದೆ.

ಹಾಗಾದರೆ ಡಿಫರೆನ್ಸ್ ಇನ್ ಡಿಫರೆನ್ಸಸ್ (ಪದ್ಧತಿ ಬಂದ ಶಾಖೆಗಳಲ್ಲಿ ಆದ ಬದಲಾವಣೆಯಿಂದ ಬಾರದ ಶಾಖೆಗಳ ಬದಲಾವಣೆಯನ್ನು ಕಳೆಯುವ ಲೆಕ್ಕ) ಹಾಕು ಎನ್ನುತ್ತೀರಿ. ಹಾಕಿದೆ. ಅಲ್ಲೂ ಅದೇ ಏರು ಅಡ್ಡ ಬಂತು. ಈ ವಿಧಾನ ನಿಲ್ಲುವುದೇ ಎರಡೂ ಗುಂಪು ಮೊದಲು ಜೊತೆಜೊತೆಗೆ ಸಾಗುತ್ತಿದ್ದವು ಎಂಬ ನಂಬಿಕೆಯ ಮೇಲೆ. ಅರ್ಥಶಾಸ್ತ್ರಜ್ಞರಾದ ಕಾರ್ಡ್ ಮತ್ತು ಕ್ರೂಗರ್ ಫಾಸ್ಟ್‌ಫುಡ್ ಅಂಗಡಿಗಳ ಉದ್ಯೋಗದ ಬಗ್ಗೆ 1994ರಲ್ಲಿ ಪ್ರಕಟಿಸಿದ ಅಧ್ಯಯನವನ್ನೇ ನೋಡಿ. 1992ರ ಏಪ್ರಿಲ್‌ನಲ್ಲಿ ನ್ಯೂಜೆರ್ಸಿಯ ಕನಿಷ್ಠ ಕೂಲಿ ಗಂಟೆಗೆ 4.25 ಡಾಲರ್‌ನಿಂದ 5.05ಕ್ಕೆ ಏರಿತು, ಪಕ್ಕದ ಪೆನ್ಸಿಲ್ವೇನಿಯಾದಲ್ಲಿ ಏರಲಿಲ್ಲ. ಅಲ್ಲಿ ಬದಲಾವಣೆ ತಂದದ್ದು ಕಾನೂನು. ಜನ ಬಿಟ್ಟುಹೋದರು ಅಂತ ಯಾವುದೋ ಫಾಸ್ಟ್‌ಫುಡ್ ಅಂಗಡಿಯವನು ತಾನಾಗಿ ಏರಿಸಿದ್ದಲ್ಲ. ನನ್ನ ಶಾಖೆಗಳಲ್ಲಿ ಆಗಿದ್ದು ಸರಿಯಾಗಿ ಅದೇ. ಬಿಟ್ಟುಹೋಗುವವರ ಸಂಖ್ಯೆಯೇ ಪದ್ಧತಿಯನ್ನು ಕರೆತಂದಿದೆ. ಇದನ್ನು ಯಾವ ಸಾಫ್ಟ್‌ವೇರೂ ಸರಿಮಾಡಿ ಕೊಡುವುದಿಲ್ಲ.

ಸಾಫ್ಟ್‌ವೇರ್ ಅಂದಾಗ ನೆನಪಾಯಿತು. ಸಂಬಳದ ಸಾಫ್ಟ್‌ವೇರ್ ಕಂಪನಿಯಿಂದ ಬಂದ ಫೈಲಿನಲ್ಲಿ ‘ಬಿಟ್ಟ ದಿನಾಂಕ’ ಎಂಬ ಕಾಲಂ ಇದೆ. ಒಬ್ಬರ ಸಾಲು ನೋಡಿ: ಹಾಜರಿ ಯಂತ್ರದಲ್ಲಿ ಕೊನೆಯ ಬೆರಳಚ್ಚು ಮಾರ್ಚ್ 9, ಬಿಟ್ಟ ದಿನಾಂಕ ಮೇ 2. ಕೇಳಿದರೆ, ಅದು ಬಾಕಿ ಲೆಕ್ಕ ಚುಕ್ತಾ ಆದ ದಿನವಂತೆ! ಏಪ್ರಿಲ್‌ನಲ್ಲಿ ಪದ್ಧತಿ ಶುರುವಾಗಿದ್ದರೆ, ಮೊದಲೇ ಹೋದ ಮನುಷ್ಯ ಆಮೇಲೆ ಹೋದವರ ಲೆಕ್ಕಕ್ಕೆ ಸೇರುತ್ತಾನೆ. ಕಾಲಂಗಳ ವಿವರಣೆ ಕಳಿಸಿ ಎಂದು ಕೇಳುತ್ತಲೇ ಇದ್ದೇನೆ, ಪ್ರತಿ ಸಲವೂ ಬರುವುದು ಬಣ್ಣಬಣ್ಣದ ಪರಿಚಯ ಪುಸ್ತಿಕೆ. ಈಗ ಕೊನೆಯ ಬೆರಳಚ್ಚನ್ನೇ ಬಿಟ್ಟ ದಿನವೆಂದು ಹಿಡಿದಿದ್ದೇನೆ. ಸಂಬಳದ ಡೇಟಾ ಬಳಸುವವರು ಇದನ್ನು ಖಂಡಿತ ನೋಡಿಕೊಳ್ಳಿ.

ಸರಿ, ಗಂಟು ಬಿಚ್ಚಿದ್ದು ಹೇಗೆ? ಮುಖ್ಯ ಕಚೇರಿಯವರ ಜೊತೆ ಬೇರೇನೋ ಮಾತಾಡುವಾಗ ಒಂದು ಮಾತು ಬಂತು. ಉಳಿದ ಎಲ್ಲ ಶಾಖೆಗಳಿಗೂ ಪದ್ಧತಿ ತರುತ್ತಾರೆ, ಆದರೆ ಕಲಿಸಿಕೊಡುವವರು ಒಬ್ಬರೇ ಇರುವುದರಿಂದ ಒಟ್ಟಿಗೆ ಆಗುವುದಿಲ್ಲ. ಎಲ್ಲರಿಗೂ ಸಿಗುತ್ತದೆ, ಸರದಿ ಮಾತ್ರ ಬೇರೆ. ‘ಆ ಸರದಿಯನ್ನು ಚೀಟಿ ಎತ್ತಿ ಗೊತ್ತುಮಾಡೋಣವೇ?’ ಎಂದು ಕೇಳಿದೆ. ಒಪ್ಪಿದರು! ಅಲ್ಲಿಗೆ ಏರಿನ ಕಾಟ ಮುಗಿಯಿತು. ಯಾವ ಶಾಖೆ ಯಾವಾಗ ಶುರುಮಾಡುತ್ತದೆ ಎನ್ನುವುದಕ್ಕೂ ಅಲ್ಲಿ ಎಷ್ಟು ಜನ ಬಿಡುತ್ತಿದ್ದಾರೆ ಎನ್ನುವುದಕ್ಕೂ ಇನ್ನು ಸಂಬಂಧ ಇಲ್ಲ.

ಇದೇ ಸ್ಟೆಪ್ಡ್ ವೆಜ್ ಡಿಸೈನ್. 1980ರ ದಶಕದಲ್ಲಿ ಗ್ಯಾಂಬಿಯಾದಲ್ಲಿ ಹೆಪಟೈಟಿಸ್ ಬಿ ಲಸಿಕೆಯನ್ನು ಇಡೀ ದೇಶಕ್ಕೆ ಒಮ್ಮೆಗೇ ಕೊಡಲು ಆಗದೆ, ಒಂದೊಂದೇ ಪ್ರದೇಶಕ್ಕೆ ಹೀಗೆ ಸರದಿಯ ಮೇಲೆ ಕೊಟ್ಟರು. ಬಿಸಿನೆಸ್ ಅಧ್ಯಯನಕ್ಕೆ ಇದು ಹೇಳಿ ಮಾಡಿಸಿದ್ದು ಎಂದೇ ನನ್ನ ಅಭಿಪ್ರಾಯ. ‘ಅರ್ಧ ಜನಕ್ಕೆ ಕೊಡಬೇಡಿ’ ಎಂದರೆ ಯಾವ ಸಂಸ್ಥೆಯೂ ಒಪ್ಪುವುದಿಲ್ಲ, ‘ಅರ್ಧ ಜನಕ್ಕೆ ಆಮೇಲೆ ಕೊಡಿ’ ಎಂದರೆ ಒಪ್ಪುತ್ತದೆ. ಕಾಲದ ಪ್ರಭಾವವನ್ನು ಮಾತ್ರ ಬೇರೆಯಾಗಿ ಲೆಕ್ಕ ಹಾಕಲೇಬೇಕು. ತಿಂಗಳು ಕಳೆದಂತೆ ಪದ್ಧತಿ ಇರುವ ಶಾಖೆಗಳೇ ಹೆಚ್ಚುತ್ತಾ ಹೋಗುವುದರಿಂದ, ವ್ಯಾಪಾರದ ಸೀಸನ್ ಬದಲಾದರೂ ಅದರ ಕೀರ್ತಿ ಪಟ್ಟಿಗೆ ಹೋಗಿಬಿಡುತ್ತದೆ.

ಇನ್ನೊಂದು ಎಚ್ಚರಿಕೆ. ಚೀಟಿ ಎತ್ತಿದ್ದು ಶಾಖೆಗೆ, ವ್ಯಕ್ತಿಗಲ್ಲ. ಒಂದೇ ಮ್ಯಾನೇಜರ್ ಕೈಕೆಳಗಿನವರು ಒಬ್ಬರನ್ನು ನೋಡಿ ಒಬ್ಬರು ಬಿಡುತ್ತಾರೆ. ಶಾಖೆಗೆ 21 ಜನ, ಅವರ ನಡುವಿನ ಹೋಲಿಕೆಯ ಅಳತೆ 0.05 ಎಂದಿಟ್ಟುಕೊಳ್ಳಿ. ಗುಂಪಿಗೇ ಚೀಟಿ ಎತ್ತಿದಾಗ ಹಾಕುವ ಸಾಮಾನ್ಯ ಕ್ಲಸ್ಟರ್ ಲೆಕ್ಕದಲ್ಲಿ 1 + (21 − 1) × 0.05, ಅಂದರೆ 2. ಜನರ ಸಂಖ್ಯೆಯನ್ನು ಇದರಿಂದ ಭಾಗಿಸಬೇಕು. 420 ಜನರ ಡೇಟಾ 210 ಜನರಷ್ಟೇ ಬೆಲೆ ಬಾಳುತ್ತದೆ. ಪುಟ್ಟದಾಗಿ ಕಾಣುವ 0.05 ಅರ್ಧ ಡೇಟಾ ನುಂಗಿತು! ಸ್ಟೆಪ್ಡ್ ವೆಜ್‌ನಲ್ಲಿ ಪ್ರತಿ ಶಾಖೆಯನ್ನೂ ಮತ್ತೆ ಮತ್ತೆ ಅಳೆಯುವುದರಿಂದ ಸೂತ್ರ ಇಷ್ಟು ಸರಳವಲ್ಲ, ಆದರೆ ಈ ಅಂಕಿ ನೋಡದೆ ಮುಂದೆ ಹೋಗಬೇಡಿ.

ಈ ಮಧ್ಯೆ ಮುಂದಿನ ಪ್ರಾಜೆಕ್ಟ್ ತಲೆಯಲ್ಲಿ ಕೂತಿದೆ. ಗ್ರಾಹಕರ ರೇಟಿಂಗ್ ಅನ್ನು ಅರ್ಧ ನಕ್ಷತ್ರಕ್ಕೆ ಸರಿಹೊಂದಿಸಿ ತೋರಿಸುವ ತಾಣಗಳಲ್ಲಿ 3.24 ಸರಾಸರಿ ಇರುವ ಅಂಗಡಿಗೆ 3 ನಕ್ಷತ್ರ, 3.26 ಇರುವುದಕ್ಕೆ ಮೂರೂವರೆ. ಗುಣದಲ್ಲಿ ಎರಡೂ ಒಂದೇ, ಕಾಣುವುದು ಬೇರೆ. ಅದರಿಂದ ವ್ಯಾಪಾರ ಎಷ್ಟು ಬದಲಾಗುತ್ತದೆ? ಥಿಸಲ್‌ತ್ವೇಟ್ ಮತ್ತು ಕ್ಯಾಂಪ್‌ಬೆಲ್ 1960ರಲ್ಲಿ ವಿದ್ಯಾರ್ಥಿವೇತನದ ಅಂಕದ ಗಡಿಯಲ್ಲಿ ಮಾಡಿದ ರಿಗ್ರೆಷನ್ ಡಿಸ್‌ಕಂಟಿನ್ಯುಯಿಟಿ (ಗಡಿಯ ಸ್ವಲ್ಪ ಕೆಳಗೆ ಮತ್ತು ಸ್ವಲ್ಪ ಮೇಲೆ ಇರುವವರನ್ನು ಹೋಲಿಸುವ ವಿಧಾನ) ಇಲ್ಲಿ ಸಲೀಸಾಗಿ ಕೂರುತ್ತದೆ. ಮೊದಲು ನೋಡಬೇಕಾದ್ದು 3.25ರ ಸ್ವಲ್ಪ ಮೇಲೆ ಅಂಗಡಿಗಳ ಗುಂಪು ಸೇರಿದೆಯಾ ಎಂದು. ಸೇರಿದ್ದರೆ ಯಾರೋ ರೇಟಿಂಗ್ ತಳ್ಳುತ್ತಿದ್ದಾರೆ, ಡಿಸೈನ್ ಅಲ್ಲಿಗೇ ಬಿತ್ತು.

ಅದು ಆಮೇಲೆ. ಸದ್ಯ ಚೀಟಿ ಎತ್ತಿ ಆಗಿದೆ, ವಿಶ್ಲೇಷಣೆಯ ಯೋಜನೆ ದಿನಾಂಕ ಹಾಕಿ ಮುಖ್ಯ ಕಚೇರಿಯ ಕೈಗೆ ಸೇರಿದೆ. ಮೊದಲ ಗುಂಪಿನ ಶಾಖೆಗಳಲ್ಲಿ ಪಟ್ಟಿ ಗೋಡೆಗೆ ಬಿದ್ದಿದೆ. ಕೊನೆಯ ಗುಂಪಿನ ಮ್ಯಾನೇಜರ್ ಒಬ್ಬರು ‘ನಾವು ಈಗಲೇ ಶುರು ಮಾಡುತ್ತೇವೆ’ ಎಂದು ಹಟ ಹಿಡಿದಿದ್ದಾರೆ. ಮಾಡಲಿ. ಚೀಟಿಯಲ್ಲಿ ಬಂದ ತಿಂಗಳನ್ನೇ ಲೆಕ್ಕಕ್ಕೆ ಹಿಡಿಯುವುದು ಎಂದು ಯೋಜನೆಯಲ್ಲಿ ಬರೆದಿದೆ.