ಜಗಲಿಯಲ್ಲಿ ಮಲಗುವ ಮಾಜಿ ಸೈನಿಕರಿಗೆ ಬೇಕಾದ ಕಾಗದಗಳು

ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿ ಜಗಲಿಯಲ್ಲಿ ಮಲಗುವ ಅಜ್ಜ "ನಾನು ಮಿಲಿಟರಿಯಲ್ಲಿದ್ದೆ" ಅಂದರೆ ಊಟ, ಕಂಬಳಿ ಕೊಡುವವರು ಸಿಗುತ್ತಾರೆ. ಆರ್ಮಿ ನಂಬರ್ ಕೇಳುವವರು ಸಿಗುವುದಿಲ್ಲ. ಮುಂದಿನ ಕೆಲಸವೆಲ್ಲ ನಡೆಯುವುದು ಆ ನಂಬರಿನ ಮೇಲೆಯೇ.

ನಂಬರ್, ರೆಜಿಮೆಂಟ್, ಸೇರಿದ ಮತ್ತು ಬಿಟ್ಟ ವರ್ಷ ಬರೆದುಕೊಳ್ಳಿ. ಡಿಸ್ಚಾರ್ಜ್ ಬುಕ್ (ಸೇನೆ ಬಿಡುವಾಗ ಕೊಡುವ ಸೇವಾ ದಾಖಲೆ) ಇದ್ದರೆ ಬಿಟ್ಟ ಕಾರಣ ಬರೆದ ಪುಟ ಮೊದಲು ನೋಡಿ. ಜವಾನರ ಸರ್ವಿಸ್ ಪೆನ್ಶನ್‌ಗೆ 15 ವರ್ಷ ಬೇಕು. 1987ರ ಜುಲೈ 1ರ ನಂತರ, ಪೆನ್ಶನ್ ಇಲ್ಲದೆ ಸ್ವಂತ ಕೋರಿಕೆಯ ಮೇಲೆ ಬಿಟ್ಟು ಬಂದವರಿಗೆ ಮಾಜಿ ಸೈನಿಕ ಎಂಬ ಮಾನ್ಯತೆಯೂ ಇಲ್ಲ. ಅಂಥವರನ್ನು ಸೈನಿಕ ಕಚೇರಿಗೆ ಅಲೆದಾಡಿಸಬೇಡಿ; 65 ದಾಟಿದ್ದರೆ ನಾಡಕಚೇರಿಯಲ್ಲಿ ಸಂಧ್ಯಾ ಸುರಕ್ಷಾ ಎಂಬ ವೃದ್ಧಾಪ್ಯ ಪೆನ್ಶನ್‌ಗೆ ಅರ್ಜಿ ಹಾಕಿಸಿ. ಮೆಡಿಕಲ್ ಬೋರ್ಡ್ ಮೂಲಕ ಹೊರಬಂದವರ ಲೆಕ್ಕವೇ ಬೇರೆ. ಕಾಯಿಲೆ ಸರ್ವಿಸಿನಿಂದಲೇ ಬಂದದ್ದೆಂದು ದಾಖಲೆಯಲ್ಲಿದ್ದರೆ 15 ವರ್ಷ ಆಗದಿದ್ದರೂ ಅಂಗವೈಕಲ್ಯ ಪೆನ್ಶನ್ ಕೇಳಬಹುದು.

ನಮ್ಮ ಮಳೆಗಾಲಕ್ಕೆ ಜಗಲಿಯಲ್ಲಿಟ್ಟ ಚೀಲದ ಕಾಗದ ಉಳಿಯುವುದಿಲ್ಲ. ಬುಕ್ ಹೋಗಿದ್ದರೆ ಪೊಲೀಸ್ ಠಾಣೆಯಲ್ಲಿ ಕಳೆದುಹೋದ ದೂರು, ನೋಟರಿ ಅಫಿಡವಿಟ್ ಮಾಡಿಸಿ, ಮಂಗಳೂರಿನ ಸೈನಿಕ ಕಲ್ಯಾಣ ಇಲಾಖೆ ಕಚೇರಿಯ ಮೂಲಕ ಸೈನಿಕರ ಸೇವಾ ದಾಖಲೆ ಇಡುವ ರೆಕಾರ್ಡ್ ಆಫೀಸಿಗೆ ಬರೆಸಿ. ರೆಕಾರ್ಡ್ ಆಫೀಸು ಒಂದೊಂದು ರೆಜಿಮೆಂಟಿಗೆ ಒಂದೊಂದು: ಮದ್ರಾಸ್ ರೆಜಿಮೆಂಟಿನದು ತಮಿಳುನಾಡಿನ ವೆಲ್ಲಿಂಗ್ಟನ್, ಎಂಇಜಿಯದು (ಮದ್ರಾಸ್ ಎಂಜಿನಿಯರ್ ಗ್ರೂಪ್) ಬೆಂಗಳೂರು. ತಪ್ಪು ವಿಳಾಸಕ್ಕೆ ಹೋದ ಅರ್ಜಿ ಅಲ್ಲೇ ಕೊಳೆಯುತ್ತದೆ.

ಪೆನ್ಶನ್ ಇದ್ದೂ ನಿಂತುಹೋದವರೂ ಇದ್ದಾರೆ. ಹೆಚ್ಚಾಗಿ ವರ್ಷಕ್ಕೊಮ್ಮೆಯ ಜೀವನ ಪ್ರಮಾಣಪತ್ರ ಕೊಟ್ಟಿರುವುದಿಲ್ಲ. ಸವೆದ ಬೆರಳಿನ ಗುರುತು ಮೆಷಿನ್ ಹಿಡಿಯದಿದ್ದರೆ ಮೊಬೈಲಿನಲ್ಲಿ ಮುಖ ತೋರಿಸಿಯೂ ಮಾಡಬಹುದು. ಪಿಪಿಒ (ಪೆನ್ಶನ್ ಪಾವತಿ ಆದೇಶ) ನಂಬರ್, ಆಧಾರ್ ಬೇಕು. ಒಟಿಪಿ ಹಳೇ ಸಿಮ್ಮಿಗೆ ಹೋಗುತ್ತಿದ್ದರೆ ಮೊದಲು ನಂಬರ್ ಬದಲಿಸಿ. ಸರ್ಟಿಫಿಕೇಟ್ ಸ್ವೀಕಾರವಾದ ಮೇಲೆ ನಿಂತಿದ್ದ ಬಾಕಿಯೂ ಬರುತ್ತದೆ.

ಪೆನ್ಶನ್ ಇಲ್ಲದ, ಆದರೆ ಮಾಜಿ ಸೈನಿಕ ಮಾನ್ಯತೆ ಇರುವ, ಹವಾಲ್ದಾರ್ ದರ್ಜೆವರೆಗಿನ 65 ದಾಟಿದವರಿಗೆ ಕೇಂದ್ರೀಯ ಸೈನಿಕ ಮಂಡಳಿಯ ಪೆನ್ಯೂರಿ ಗ್ರಾಂಟ್ (ಕಡುಬಡವರಿಗೆ ಸಹಾಯಧನ) ಇದೆ. 4000 ಇದ್ದದ್ದು 2025ರ ನವೆಂಬರ್‌ನಿಂದ ಹಾಕಿದ ಅರ್ಜಿಗಳಿಗೆ ತಿಂಗಳಿಗೆ 8000 ರೂಪಾಯಿ. ವಿಧವೆಯರಿಗೂ ಉಂಟು.

ಇಷ್ಟಕ್ಕೂ ಬ್ಯಾಂಕ್ ಖಾತೆ ಬೇಕು, ಖಾತೆಗೆ ಆಧಾರ್, ಆಧಾರ್‌ಗೆ ವಿಳಾಸ. ಜಗಲಿಗೆ ಡೋರ್ ನಂಬರ್ ಎಲ್ಲಿಂದ ತರುವುದು? ಪಾಲಿಕೆಯ ವಸತಿರಹಿತರ ಆಶ್ರಯ ಕೇಂದ್ರಕ್ಕೆ ಸೇರಿಸುವುದು ಬರೀ ಮಲಗಲಿಕ್ಕಲ್ಲ. ಮಾನ್ಯತೆ ಪಡೆದ ಕೇಂದ್ರದ ಮುಖ್ಯಸ್ಥರು ಕೊಡುವ ಪತ್ರ ಆಧಾರ್ ವಿಳಾಸಕ್ಕೆ ನಡೆಯುತ್ತದೆ. ಕುಡಿತ, ಗಾಯ ಇದ್ದರೆ ಮೊದಲು ಮಂಗಳೂರಿನ ವೆನ್‌ಲಾಕ್ ಆಸ್ಪತ್ರೆ, ಉಡುಪಿಯಾದರೆ ಅಜ್ಜರಕಾಡು ಜಿಲ್ಲಾಸ್ಪತ್ರೆ. ಕಾಗದ ತಂದ ದಿನವೇ ಫೋಟೋ ತೆಗೆದು ಇಬ್ಬರ ಫೋನಿನಲ್ಲಿಡಿ, ಮೂಲಪ್ರತಿ ಕೇಂದ್ರದ ಕಪಾಟಿನಲ್ಲಿರಲಿ.